ಕಣಕುಂಬಿ ಕಡೆ ಕ್ಯಾಂಪರ್ ವ್ಯಾನ್‌ನಲ್ಲಿ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಕಡೆ ಹೊರಟರೆ ಗಾಳಿಯೇ ಬೇರೆ. ಆ ದಾರಿಯ ಕಣಕುಂಬಿ ಸುತ್ತಮುತ್ತ ವ್ಯಾನ್ ನಿಲ್ಲಿಸಿ ರಾತ್ರಿ ಕಳೆಯುವುದು ನನಗೆ ತುಂಬಾ ಇಷ್ಟ. ಮಲಪ್ರಭಾ ಹುಟ್ಟುವುದು ಇಲ್ಲೇ ಅಲ್ವಾ, ಮುಂದೆ ಸವದತ್ತಿ ಹತ್ತಿರ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡದವರ ನಲ್ಲಿಗೂ ಹೋಗುವ ನೀರು ಇದು. ಹಾಗಾಗಿ ಪಾತ್ರೆ ತೊಳೆದ ಸೋಪಿನ ನೀರನ್ನು ದಯವಿಟ್ಟು ಹಳ್ಳಕ್ಕೆ ಚೆಲ್ಲಬೇಡಿ. ಡಬ್ಬದಲ್ಲಿ ತುಂಬಿಸಿ ವಾಪಸ್ ತನ್ನಿ.

ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ಪಕ್ಕದಲ್ಲೇ ಭೀಮಗಡ ಅಭಯಾರಣ್ಯ ಇದೆ, 2011ರಲ್ಲಿ ಘೋಷಣೆಯಾದದ್ದು. ಹೋಮ್‌ಸ್ಟೇ ಅಂಗಳ ಅಥವಾ ಮಾಲೀಕರನ್ನು ಕೇಳಿ ಅವರ ಹೊಲದ ಅಂಚು, ಅಷ್ಟೇ ಸರಿ.

ಮಳೆಗಾಲದಲ್ಲಿ ಕೆಂಪು ಮಣ್ಣಿನಲ್ಲಿ ಚಕ್ರ ಹೂತುಬಿಡುತ್ತದೆ, ಗಟ್ಟಿ ನೆಲ ನೋಡಿಕೊಳ್ಳಿ. ವ್ಯಾನ್ ಸಮತಟ್ಟಾಗಿ ನಿಂತಿದೆಯಾ ಅಂತ ನೋಡಲು ಒಲೆಯ ಪಕ್ಕ ಒಂದು ಲೋಟ ನೀರಿಡಿ, ವಾಲಿದ ಕಡೆ ಚಕ್ರದ ಕೆಳಗೆ ಹಲಗೆ ಕೊಡಿ. ರಾತ್ರಿ ಎಷ್ಟೇ ಚಳಿ ಇದ್ದರೂ ಕಿಟಕಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಉಸಿರಿನ ತೇವಕ್ಕೇ ಗಾಜಿನಿಂದ ನೀರು ಇಳಿದು ಹಾಸಿಗೆ ಒದ್ದೆ. ಗ್ಯಾಸ್ ಹಚ್ಚಿದಾಗಲಂತೂ ಪೂರ್ತಿ ತೆರೆಯಿರಿ.

ಮೊದಲ ಸಲ ಹೋಗುವವರು ಡಿಸೆಂಬರ್‌ನಲ್ಲಿ ಹೋಗಿ. ಜಿಗಣೆ ಕಾಟ ಇರುವುದಿಲ್ಲ.