ಕೊರಿಯಾದ ಸೆಕೆಗೆ ಶಿಖ್ಯೆ, ಓಮಿಜಾ

ದಕ್ಷಿಣ ಕೊರಿಯಾದಲ್ಲಿ ಜೂನ್ ಕೊನೆಗೆ ಮಳೆ ಹಿಡಿದುಕೊಳ್ಳುತ್ತದೆ. ಜುಲೈ ಕೊನೆಗೆ ಮಳೆ ಬಿಟ್ಟರೆ ಸೆಕೆ ಶುರು. ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುವಂಥ ಸೆಕೆ. ನಾವು ರಾಜಧಾನಿ ಸೋಲ್‌ಗೆ ಹೋದದ್ದು ಸರಿಯಾಗಿ ಅದೇ ಹೊತ್ತಿಗೆ. ಬೇಸಿಗೆಯ ಅತಿ ಸೆಕೆಯ ಮೂರು ದಿನಗಳನ್ನು ಅಲ್ಲಿ ‘ಸಂಬೋಕ್’ ಅಂತಾರೆ. ಆ ದಿನಗಳಲ್ಲಿ ಜನ ಬಿಸಿಬಿಸಿ ಕೋಳಿ ಸೂಪ್‌ಗಾಗಿ ಹೋಟೆಲ್‌ಗಳ ಮುಂದೆ ಸಾಲು ನಿಲ್ಲುತ್ತಾರೆ. ನಾವು ಸಸ್ಯಾಹಾರಿಗಳು. ಮೀನು ಸೇರದ ಸಾರು ಹುಡುಕುವುದೇ ಅಲ್ಲಿ ಒಂದು ಕೆಲಸ. ಆದರೆ ಹಳೆಯ ಕಾಲದ ತಂಪು ಪಾನೀಯಗಳ ಮಟ್ಟಿಗೆ ಆ ಚಿಂತೆ ಇರಲಿಲ್ಲ. ಅಕ್ಕಿ, ಬಾರ್ಲಿ, ಶುಂಠಿ, ಚಕ್ಕೆ, ಹಣ್ಣು, ಎಲ್ಲವೂ ನಮಗೆ ಗೊತ್ತಿರುವ ಸಾಮಾನೇ.

ಮೊದಲು ಕುಡಿದದ್ದು ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ. 1905ರಿಂದ ನಡೆಯುತ್ತಿರುವ ಮಾರುಕಟ್ಟೆ ಇದು. ಹೆಸರುಬೇಳೆ ರುಬ್ಬಿ ಎಣ್ಣೆಯಲ್ಲಿ ಕಾಯಿಸುವ ದೋಸೆಯಂಥ ಬಿಂದೆತೊಕ್ ತಿನ್ನಲೆಂದೇ ಜನ ಇಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಶಿಖ್ಯೆ ಅನ್ನುವ ಅಕ್ಕಿಯ ಸಿಹಿ ಪಾನೀಯ ಇತ್ತು. ಅರ್ಧ ಹೆಪ್ಪುಗಟ್ಟಿದ್ದರಿಂದ ಕುಲುಕಿ ಕುಡಿಯಬೇಕು. ತಿಳಿ ಕಂದು ನೀರು, ತಳದಲ್ಲಿ ಅನ್ನದ ಅಗುಳು. ಹದವಾದ ಸಿಹಿ, ಕೊನೆಗೆ ಚೂರು ಶುಂಠಿ. ಎಣ್ಣೆ ತಿಂಡಿ ತಿಂದ ಬಾಯಿಗೆ ಇದಕ್ಕಿಂತ ಹಿತವಾದದ್ದು ನನಗೆ ಅಲ್ಲಿ ಸಿಗಲಿಲ್ಲ.

ಅದನ್ನು ಮಾಡುವುದು ಹೇಗೆ ಅಂತ ತೋರಿಸಿದವರು ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ ಮಾಡಿದ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಚೆನ್ನಾಗಿ ಹಿಸುಕಿ ಸೋಸಿದರು. ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಅನ್ನದ ಮೇಲೆ ಸುರಿದರು. ಆಮೇಲೆ ರೈಸ್ ಕುಕ್ಕರ್ ಅನ್ನು ‘ವಾರ್ಮ್’ಗೆ ಹಾಕಿ ಮಲಗಲು ಹೋದರು! ಸುಮಾರು 60 ಡಿಗ್ರಿಯ ಆ ಬಿಸಿಯಲ್ಲಿ ಮೊಳಕೆ ಬಾರ್ಲಿಯ ಸತ್ವ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಅಗುಳುಗಳು ಟೊಳ್ಳಾಗಿ ಮೇಲೆ ತೇಲುತ್ತಿದ್ದವು. ಅಜ್ಜಿ ಒಂದು ಅಗುಳನ್ನು ಬೆರಳ ತುದಿಯಲ್ಲಿ ಹಿಡಿದು ಹಿಚುಕಿ ತೋರಿಸಿದರು. ಬರೀ ಸಿಪ್ಪೆ. ಅಗುಳು ತೇಲಿತು ಅಂದರೆ ಆಯಿತು ಅಂತ ಲೆಕ್ಕ. ಅದನ್ನು ಬೇರೆ ತೆಗೆದು ತೊಳೆದಿಟ್ಟು, ನೀರಿಗೆ ಶುಂಠಿ, ಸ್ವಲ್ಪ ಸಕ್ಕರೆ ಹಾಕಿ ಕುದಿಸಿದರು. ಕುದಿಸದಿದ್ದರೆ ಹುಳಿ ಬಂದುಬಿಡುತ್ತದೆ. ತಣ್ಣಗಾದ ಮೇಲೆ ಬಟ್ಟಲಿಗೆ ಒಂದು ಚಮಚ ಅಗುಳು, ನಾಲ್ಕು ಚಿಲ್ಗೋಜಾ (ಪೈನ್ ಮರದ ಬೀಜ).

ಆಂಡಾಂಗ್ ಊರಲ್ಲಿ ಸಿಕ್ಕಿದ ಶಿಖ್ಯೆ ಬೇರೆಯದೇ ಜಾತಿ. ಕೆಂಪು ಬಣ್ಣ, ಮೆಣಸಿನ ಪುಡಿಯದು! ಮೂಲಂಗಿ ಚೂರು, ಶುಂಠಿ, ಮೇಲೆ ಕಡ್ಲೆಕಾಯಿ ಬೀಜ. ಕುದಿಸದೆ ಹಾಗೇ ಹುದುಗಲು ಬಿಡುತ್ತಾರೆ. ನನ್ನ ಹೆಂಡತಿ ಒಂದು ಗುಟುಕಿಗೇ ಬಟ್ಟಲು ನನ್ನ ಕಡೆ ಸರಿಸಿದಳು. ನನಗೆ ಆ ಹುಳಿ, ಖಾರ, ಸಿಹಿ ಬಹಳ ಹಿಡಿಸಿತು. ಆಂಡಾಂಗ್‌ನ ಹೊರಗೆ ಇದು ಸಿಗುವುದು ಕಡಿಮೆ. ಹೋದರೆ ಕುಡಿಯದೆ ಬರಬೇಡಿ.

ಚಕ್ಕೆ, ಶುಂಠಿಯ ಕಷಾಯಕ್ಕೆ ಒಣಗಿದ ಪರ್ಸಿಮನ್ ಹಣ್ಣು ಹಾಕುವ ಸುಜೊಂಗ್‌ಗ್ವಾ ಕೂಡ ಎಲ್ಲ ಕಡೆ ಇದೆ. ಹೊಟ್ಟೆ ಭಾರವಾದಾಗ ಒಳ್ಳೆಯದು. ದಾಹಕ್ಕೆ ಅಲ್ಲ.

ದಾಹಕ್ಕೆ ಅಂದರೆ ಓಮಿಜಾ. ಐದು ರುಚಿಗಳೂ ಇವೆ ಅಂತ ಹೆಸರಾದ ಪುಟ್ಟ ಕೆಂಪು ಹಣ್ಣು. ಮುಂಗ್ಯೊಂಗ್ ಬೆಟ್ಟಗಳ ಕಡೆಯ ಬೆಳೆ ಹೆಸರುವಾಸಿ. ಸೋಲ್‌ನ ಇನ್ಸಾಡಾಂಗ್ ಬಡಾವಣೆಯ ಒಂದು ಗಲ್ಲಿಯ ಟೀ ಅಂಗಡಿಯಲ್ಲಿ ಗಾಜಿನ ಬಟ್ಟಲಲ್ಲಿ ತಂದಿಟ್ಟರು. ಮಾಣಿಕ್ಯದ ಬಣ್ಣ, ಮೇಲೆ ಹೂವಿನ ಆಕಾರಕ್ಕೆ ಕತ್ತರಿಸಿದ ಪೇರ್ ಹಣ್ಣಿನ ತೆಳು ಬಿಲ್ಲೆಗಳು. ಮೊದಲು ನಾಲಿಗೆಗೆ ಹುಳಿ. ಸಿಹಿ ಆಮೇಲೆ ಬರುತ್ತದೆ. ಗಂಟಲಿಗೆ ಇಳಿಯುವಾಗ ಒಂದು ಸಣ್ಣ ಕಹಿ, ಒಗರು. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಅಲ್ಲಿಯೇ ಜೇಹೋತಾಂಗ್ ಕೂಡ ಇತ್ತು. ಹೊಗೆ ಹಿಡಿಸಿ ಒಣಗಿಸಿದ ಹುಳಿ ಪ್ಲಮ್, ಶ್ರೀಗಂಧ, ಏಲಕ್ಕಿ ಜಾತಿಯ ಮಸಾಲೆಗಳ ಪುಡಿಯನ್ನು ಜೇನಲ್ಲಿ ಕಾಯಿಸಿ ಲೇಹ್ಯದ ಹಾಗೆ ಮಾಡಿಟ್ಟು, ಬೇಕಾದಾಗ ತಣ್ಣೀರಿಗೆ ಕಲಸುತ್ತಾರೆ. ಜೊಸನ್ ರಾಜರ ಕಾಲದಲ್ಲಿ, ಚಾಂದ್ರಮಾನದ ಐದನೇ ತಿಂಗಳ ಐದನೇ ದಿನದ ದಾನೋ ಹಬ್ಬಕ್ಕೆ, ಅರಮನೆಯ ವೈದ್ಯರು ಇದನ್ನು ರಾಜನಿಗೆ ಒಪ್ಪಿಸುತ್ತಿದ್ದರಂತೆ. ಗಂಧದ ನಾಡಿನಿಂದ ಹೋದ ನನಗೆ ಗಂಧವನ್ನು ಕುಡಿದದ್ದು ಅದೇ ಮೊದಲು.

ಹೊರಡುವ ಮುಂಚೆ ಗ್ಯೊಂಗ್‌ಡೊಂಗ್ ಮಾರುಕಟ್ಟೆಗೆ ಹೋದೆವು. ಮೆಟ್ರೋ 1ನೇ ಲೈನ್‌ನ ಜೇಗಿಡಾಂಗ್ ನಿಲ್ದಾಣದಲ್ಲಿ ಇಳಿದರೆ ಬೇರು, ನಾರು, ಒಣ ಹಣ್ಣುಗಳ ಮೂಟೆಗಳ ವಾಸನೆಯೇ ದಾರಿ ತೋರಿಸುತ್ತದೆ. ಒಣ ಓಮಿಜಾ ಕೊಂಡೆವು. ಅಂಗಡಿಯಾಕೆ ಕೈಸನ್ನೆಯಲ್ಲೇ ಹೇಳಿದ್ದು ಒಂದೇ ಮಾತು: ಕುದಿಸಬೇಡಿ. ಕುದಿಸಿದರೆ ಕಹಿ, ಒಗರು ಜಾಸ್ತಿ ಬಿಡುತ್ತದೆ. ಒಂದು ಹಿಡಿ ಹಣ್ಣಿಗೆ ಒಂದು ಲೀಟರ್ ತಣ್ಣೀರು, ರಾತ್ರಿಯಿಡೀ ನೆನೆಯಬೇಕು. ಬೆಳಿಗ್ಗೆ ಸೋಸಿ ಜೇನು ಹಾಕಿದರೆ ಸಾಕು.

ಜೊತೆಗೆ ಮಿಸುಗಾರು ಪೊಟ್ಟಣವೂ ಬಂತು. ಅಕ್ಕಿ, ಬಾರ್ಲಿ, ಸೋಯಾ, ಎಳ್ಳು ಎಲ್ಲ ಹುರಿದು ಬೀಸಿದ ಪುಡಿ. ನಮ್ಮ ರಾಗಿ ಹುರಿಹಿಟ್ಟಿನ ದಾಯಾದಿ ಅಂತಲೇ ಹೇಳಬಹುದು. ಅಲ್ಲಿಯವರು ತಣ್ಣನೆ ಹಾಲಿಗೆ ಜೇನು, ಐಸ್ ಹಾಕಿ ಕಲಸಿ ಬೆಳಗಿನ ತಿಂಡಿಯ ಬದಲು ಕುಡಿಯುತ್ತಾರೆ. ಚಮಚದಲ್ಲಿ ಕಲಸಿದರೆ ಗಂಟು ಬೀಳುತ್ತದೆ. ಬಾಟಲಿಗೆ ಮೊದಲು ಹಾಲು, ಆಮೇಲೆ ಹಿಟ್ಟು ಹಾಕಿ ಕುಲುಕಿ.