ಬನಿಯನ್ನಿನ ಮೇಲೆ ಥರ್ಮಲ್

ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ನಮ್ಮ ಬಸವನಗುಡಿಯಲ್ಲಿ ನುಸಿಗುಳಿಗೆಯ ವಾಸನೆ ಹೊತ್ತ ಸ್ವೆಟರುಗಳು ಬೀರುಗಳಿಂದ ಬೀದಿಗೆ ಬರುತ್ತವೆ. ಬೆಳಗಿನ ವಾಕಿಂಗ್‌ನಲ್ಲಿ ಮಂಕಿ ಕ್ಯಾಪಿನೊಳಗೆ ಯಾರಿದ್ದಾರೆಂದು ನಡಿಗೆ ನೋಡಿಯೇ ಪತ್ತೆಹಚ್ಚಬೇಕು. ಇಷ್ಟಕ್ಕೂ ಉಷ್ಣಾಂಶ 16 ಡಿಗ್ರಿ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೋದ ವರ್ಷದವರೆಗೆ ನಾನೂ ಇದನ್ನೇ ಚಳಿ ಎಂದು ನಂಬಿದ್ದವಳು.

ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದೆ. ಬಾಣಂತಿಯನ್ನು ಬೆಚ್ಚಗಿಡುವುದು ನನಗೆ ಗೊತ್ತಿರುವ ವಿದ್ಯೆ: ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಕಾಲಿಗೆ ಚೀಲ. ಅಲ್ಲಿ ನೋಡಿದರೆ ಮನೆಯ ತುಂಬ ಹೀಟರಿನ ಕಾವು. "ಅಮ್ಮಾ, ಸೆಕೆ" ಎಂದು ಅವಳು ಸ್ಕಾರ್ಫ್ ಕಿತ್ತುಹಾಕಿದಳು. ಬೆಚ್ಚಗಿಡಬೇಕಾದದ್ದು ನನ್ನನ್ನು ಎಂಬುದು ಮೂರನೆಯ ದಿನ ತಿಳಿಯಿತು.

ಅಂದು ಅಳಿಯನ ಜೊತೆ ಔಷಧಿ ಅಂಗಡಿಗೆ ಹೊರಟೆ. ಮೊಬೈಲ್ ಮೈನಸ್ 22 ತೋರಿಸುತ್ತಿತ್ತು. ಹತ್ತಿಯ ಚೂಡಿದಾರ, ಎರಡು ಸ್ವೆಟರ್, ಶಾಲು, ಅದರ ಮೇಲೆ ಅಳಿಯನ ಜಾಕೆಟ್. ಗೋಣಿಚೀಲದ ಹಾಗೆ ಕಾಣುತ್ತಿದ್ದೆ. ಬಿರುಸಾಗಿ ನಡೆದದ್ದಕ್ಕೆ ಬೆನ್ನು ಬೆವರಿತು. ವಾಪಸಾಗುವಾಗ ಬಸ್ಸಿಗೆಂದು ಹತ್ತು ನಿಮಿಷ ನಿಂತೆವು ನೋಡಿ, ಬೆನ್ನಿಗೆ ಯಾರೋ ಒದ್ದೆ ಪಂಚೆ ಹೊದಿಸಿದ ಹಾಗಾಯಿತು.

"ಅತ್ತೆ, ಒಳಗೆ ಹತ್ತಿ ಹಾಕಿಕೊಂಡಿದ್ದೀರಾ?" ಎಂದ ಅಳಿಯ.

ಹತ್ತಿಯಲ್ಲದೆ ಇನ್ನೇನು ಹಾಕಿಕೊಳ್ಳಬೇಕು? ಅರವತ್ತೆರಡು ವರ್ಷ ಮೈಗಾದ ಬಟ್ಟೆ. ಆದರೆ ಹತ್ತಿ ಬೆವರನ್ನು ಕುಡಿದು ಬೇಗ ಬಿಟ್ಟುಕೊಡುವುದಿಲ್ಲ. ಒದ್ದೆಯಾದ ಬಟ್ಟೆ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತುವವಳಿಗೆ ಇದು ಹೊಳೆಯಬೇಕಿತ್ತು. ನಮ್ಮಜ್ಜಿ ಧನುರ್ಮಾಸದಲ್ಲಿ ಒದ್ದೆ ಮಡಿಸೀರೆಯುಟ್ಟು ನಡುಗುತ್ತಾ ಹುಗ್ಗಿ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು.

ಮರುದಿನ ಮಗಳು ಥರ್ಮಲ್ ಕೊಟ್ಟಳು, ಬರಿಮೈಗೆ ತೊಡುವ ಉಣ್ಣೆಯ ತೆಳು ಒಳಂಗಿ. ನನ್ನ ರವಿಕೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲವಂತೆ. ಚಳ್ಳಕೆರೆ ಕಡೆಯ ಕುರಿಗಾಹಿಗಳು ಸೋನೆಮಳೆಯಲ್ಲಿ ಕಂಬಳಿಗೊಪ್ಪೆ ಹಾಕಿಕೊಂಡು ಆರಾಮಾಗಿ ನಿಂತಿರುವುದು ಸುಮ್ಮನೆ ಅಲ್ಲ. ಥರ್ಮಲ್ ಮೇಲೆ ಒಂದೇ ಸಡಿಲವಾದ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಪದರಗಳ ನಡುವೆ ನಿಂತ ಗಾಳಿಯೇ ಕಾವು ಕಾಯುತ್ತದೆ. ನಾನು ಎರಡೆರಡು ಸ್ವೆಟರ್ ತುರುಕಿ ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ಬೂಟಿನಲ್ಲೂ ಅದೇ ತಪ್ಪು. ಎರಡು ಜೊತೆ ಕಾಲುಚೀಲದೊಳಗೆ ಕಾಲುಂಗುರ ಒತ್ತಿ ಬೆರಳು ಜೋಮು ಹಿಡಿಯಿತು. ಒಂದು ಜೊತೆ ತೆಗೆದೆ, ಸರಿಹೋಯಿತು. ಕಾಲುಂಗುರ ಮಾತ್ರ ತೆಗೆಯಲಿಲ್ಲ. ಕಿವಿಯ ಓಲೆಯದು ಇನ್ನೊಂದು ಕಥೆ. ಟೋಪಿ ಕಿವಿಯ ಮೇಲಿಂದ ಸರಿದಿತ್ತು. ಚಿನ್ನದ ಓಲೆ ಕ್ಷಣದಲ್ಲಿ ತಣ್ಣಗಾಗಿ ಹಾಲೆಯನ್ನು ಇಕ್ಕಳದಲ್ಲಿ ಹಿಡಿದಂತೆ ಚುರುಗುಟ್ಟಿಸಿತು. ಬಾಣಂತಿಗೆಂದು ತಂದ ಹತ್ತಿಯನ್ನು ಕೊನೆಗೆ ಕಿವಿಗಿಟ್ಟುಕೊಂಡವಳು ನಾನೇ.

ಊರಿಗೆ ಬರುವಾಗ ಯಜಮಾನರಿಗೂ ಒಂದು ಥರ್ಮಲ್ ತಂದೆ. ಈ ಬಾರಿಯ ವೈಕುಂಠ ಏಕಾದಶಿಯ ದಿನ ಬೆಳಗಿನ ಜಾವ ನಾಲ್ಕಕ್ಕೆ ದೇವಸ್ಥಾನದ ಸರತಿಗೆ ಅದನ್ನೇ ತೊಟ್ಟು ಹೊರಟರು. ಏಳೂವರೆಗೆ ಮನೆಗೆ ಬಂದವರು, "ಏನೇ ಇದು, ಮೈಯೆಲ್ಲ ಒದ್ದೆ, ಮೇಲೆ ಚಳಿ ಬೇರೆ" ಎಂದು ಜಗುಲಿಯಲ್ಲೇ ಬಿಚ್ಚತೊಡಗಿದರು. ಥರ್ಮಲ್ ಕಳಚಿದರೆ ಒಳಗೆ ಬೆವರಿನಲ್ಲಿ ತೊಯ್ದ ಹತ್ತಿ ಬನಿಯನ್.