ಇದ್ಯಾವ ಇಂಜೆಕ್ಷನ್ನವ್ವಾ?

ಸೋಮವಾರ, 18 ನವೆಂಬರ್ 2024

ಬೆಳಗಿನ ಮೆಡಿಸಿನ್ ರೌಂಡ್‌ನಲ್ಲಿ ಒಬ್ಬ ಅಜ್ಜಿ ಕೈ ಹಿಂದಕ್ಕೆಳೆದುಕೊಂಡು "ಇದ್ಯಾವ ಇಂಜೆಕ್ಷನ್ನವ್ವಾ?" ಎಂದು ಕೇಳಿದರು. ಹೊಸ ಸಿಸ್ಟರ್ "ಡಾಕ್ಟ್ರು ಬರೆದಿದ್ದಾರೆ ಅಜ್ಜಿ, ಸುಮ್ನೆ ಕೈ ಕೊಡಿ" ಅಂದಳು. ಒರಟು ಹುಡುಗಿಯೇನಲ್ಲ, ಅರ್ಧ ವಾರ್ಡ್ ಇನ್ನೂ ಬಾಕಿ ಇತ್ತು. ನಾನೇ ಹೋಗಿ ಯಾವ ಔಷಧ, ಯಾತಕ್ಕೆ ಅಂತ ಹೇಳಿದೆ. ಅಜ್ಜಿ ತಕ್ಷಣ ಕೈ ಚಾಚಿದರು.

ಮಧ್ಯಾಹ್ನ ಹ್ಯಾಂಡೋವರ್ ಮುಗಿದ ಮೇಲೆ ಹೊಸಬರನ್ನು ಕೂರಿಸಿಕೊಂಡು ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಕೇಸು ಹೇಳಿದೆ. 1993ರ ಡಿಸೆಂಬರ್. ಟೈಫಾಯ್ಡ್ ಅಂತ ಒಂದು ಮಗುವನ್ನು ಸೇರಿಸಿದ್ದರು. ಡಾಕ್ಟರ್ ಬರೆದದ್ದು ಕ್ಲೋರಾಂಫೆನಿಕಾಲ್ ಅನ್ನುವ ಆ್ಯಂಟಿಬಯೋಟಿಕ್. ನರ್ಸ್ ಓದಿಕೊಂಡದ್ದು ಮಲೇರಿಯಾದ ಔಷಧ ಕ್ಲೋರೋಕ್ವಿನ್. ಅಪ್ಪನ ಕೈಲೇ ಹೊರಗಿನಿಂದ ತರಿಸಿ ನರಕ್ಕೆ ಕೊಟ್ಟಳು. ಅಮ್ಮನ ತೊಡೆಯ ಮೇಲಿದ್ದ ಮಗು ಕುಸಿಯಿತು, ಹೃದಯ ನಿಂತಿತು. ಜೀವ ಉಳಿಯಿತು, ಮೆದುಳು ಉಳಿಯಲಿಲ್ಲ. ಆಮೇಲೆ ನೋಡಿದರೆ ಆ ನರ್ಸ್ ಯಾವ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಂದಣಿ ಆದವಳಲ್ಲ! ಇಂಜೆಕ್ಷನ್ನನ್ನು ತಾನೇ ಕೊಡದೆ ಅವಳಿಗೆ ಬಿಟ್ಟ ರೆಸಿಡೆಂಟ್ ಡಾಕ್ಟರ್‌ದೂ ತಪ್ಪು ಎಂದಿತು ರಾಷ್ಟ್ರೀಯ ಗ್ರಾಹಕ ಆಯೋಗ. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ಪರಿಹಾರ. 1998ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಆ ಅಪ್ಪನ ವಿಷಯ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಔಷಧ ಅವನ ಕೈಯಲ್ಲೇ ಇತ್ತು. ಇದು ಯಾವುದು, ಯಾತಕ್ಕೆ ಅಂತ ಯಾರಾದರೂ ಅವನಿಗೆ ಬಿಡಿಸಿ ಹೇಳಬೇಕಾಗಿ ಬಂದಿದ್ದರೆ, ಹೇಳುವವರಾದರೂ ಚೀಟಿಯನ್ನು ಇನ್ನೊಮ್ಮೆ ನೋಡುತ್ತಿದ್ದರೇನೋ. ಪೇಷಂಟ್‌ಗೆ ಕೇಳುವ ಹಕ್ಕಿದೆ ಅನ್ನುವುದನ್ನು ನಾವು ಉಪಕಾರ ಮಾಡಿದ ಹಾಗೆ ನೋಡುತ್ತೇವೆ. ತಪ್ಪು ಔಷಧ ಒಳಗೆ ಹೋಗುವ ಮೊದಲು ನಮ್ಮನ್ನು ತಡೆಯುವ ಕೊನೆಯ ಜನ ಅವರೇ ಅಲ್ವಾ?

ಕನ್ಸೆಂಟ್, ಅಂದರೆ ಪೇಷಂಟ್‌ನ ಒಪ್ಪಿಗೆ, ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಪೇಷಂಟ್ ಎಚ್ಚರವಿದ್ದು, ಬುದ್ಧಿ ಸರಿಯಿದ್ದು, ವಯಸ್ಸಿಗೆ ಬಂದವರಾದರೆ ಅವರದೇ ಸೈನ್ ಬೇಕು. ಮಗನದು, ಗಂಡನದು ಸಾಲದು. 2008ರ ಸಮೀರಾ ಕೊಹ್ಲಿ ಕೇಸಿನಲ್ಲಿ ಮಗಳಿಗೆ ಅನಸ್ತೇಶಿಯಾ ಕೊಟ್ಟ ಮೇಲೆ ಅಮ್ಮನ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ ತೆಗೆದಿದ್ದರು. ಆ ಒಪ್ಪಿಗೆ ನಡೆಯುವುದಿಲ್ಲ ಎಂದಿತು ಕೋರ್ಟ್. ಏನು ಆಪರೇಷನ್ ಅಂತ ವಿವರಿಸಬೇಕಾದವರು ಡಾಕ್ಟರು. ಫಾರಂ ಹಿಡಿದು ಓಡಾಡುವವರು ಮಾತ್ರ ನಾವು. ಪೇಷಂಟ್‌ಗೆ ಅರ್ಥ ಆಗಿಲ್ಲ ಅನ್ನಿಸಿದರೆ ಸೈನ್ ಹಾಕಿಸಬೇಡಿ, ಡಾಕ್ಟರನ್ನು ಕರೆಯಿರಿ ಅಂದೆ.

ಹುಡುಗಿಯರು ಬೆಚ್ಚಿದ್ದು ಹೊಸ ಕಾನೂನಿನ ಮಾತು ಬಂದಾಗ. ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 304ಎಯಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಡಾಕ್ಟರ್, ನರ್ಸ್, ಡ್ರೈವರ್ ಯಾರಿಗಾದರೂ ಗರಿಷ್ಠ 2 ವರ್ಷ ಜೈಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಅದು 5 ವರ್ಷವಾಗಿದೆ. ಚಿಕಿತ್ಸೆ ಮಾಡುವಾಗ ಆದದ್ದಾದರೆ ನೋಂದಾಯಿತ ವೈದ್ಯರಿಗೆ ಮಾತ್ರ 2 ವರ್ಷ. ವೈದ್ಯರು ಅಂದರೆ ಮೆಡಿಕಲ್ ರಿಜಿಸ್ಟರ್‌ನಲ್ಲಿ ಹೆಸರಿದ್ದವರು ಅಂತ ಅಲ್ಲೇ ವಿವರಣೆಯೂ ಇದೆ. ನಮ್ಮ ಹೆಸರಿರುವುದು ನರ್ಸಿಂಗ್ ಕೌನ್ಸಿಲ್‌ನಲ್ಲಿ. ಒಂದೇ ಮಂಚದ ಆಚೆ ಈಚೆ ನಿಂತವರಿಗೆ ಎರಡು ಲೆಕ್ಕ! ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. ಹಾಗಂತ ಪ್ರತಿ ತಪ್ಪಿಗೂ ಜೈಲಿಲ್ಲ. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಇರಬೇಕು ಎಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ.

ರಾತ್ರಿ ಡಾಕ್ಟರು ಫೋನಿನಲ್ಲೇ ಔಷಧ ಹೇಳುವ ಫೋನ್ ಆರ್ಡರ್ ಕಥೆ ಬೇರೆ. "ಕೊಟ್ಬಿಡಿ ಸಿಸ್ಟರ್, ಬೆಳಿಗ್ಗೆ ಸೈನ್ ಮಾಡ್ತೀನಿ." ಕೇಳಿದ್ದನ್ನು ಬರೆದುಕೊಳ್ಳಿ, ಅವರಿಗೇ ಓದಿ ಹೇಳಿ, ಟೈಮ್ ಹಾಕಿ, ಬೆಳಿಗ್ಗೆ ಸೈನ್ ಹಾಕಿಸದೆ ಮನೆಗೆ ಹೋಗಬೇಡಿ ಅಂದೆ. ಡೋಸ್ ಅನುಮಾನವಾದರೆ ಮತ್ತೆ ಫೋನ್ ಮಾಡಿ. ಬೈದರೆ ಬೈಸಿಕೊಳ್ಳಿ.

ಆಗ ಒಬ್ಬಳು ಕೇಳಿದಳು: "ರಾತ್ರಿ ಇಡೀ ವಾರ್ಡಿಗೆ ಇಬ್ಬರೇ ಇರ್ತೀವಲ್ಲ ಮೇಡಂ, ಇದನ್ನೆಲ್ಲ ಯಾವಾಗ ಮಾಡೋದು?" ಅವಳಿಗೆ ಹೇಳಲು ನನ್ನ ಹತ್ತಿರ ಉತ್ತರವಿರಲಿಲ್ಲ. ರಾತ್ರಿಗೆ ಮೂರನೆಯವರು ಬೇಕೆಂದು ಸೂಪರಿಂಟೆಂಡೆಂಟರಿಗೆ ಬರೆದೆ. ಅವಳ ಪ್ರಶ್ನೆಯನ್ನೇ ಮೊದಲ ಸಾಲಾಗಿ ಹಾಕಿದ್ದೇನೆ.